ಕ್ಯಾಸಿನಿಯನ್ನು ಸುಡಲೇಬೇಕಿತ್ತೇ?

"ಇಪ್ಪತ್ತು ವರ್ಷ ನಿಯತ್ತಾಗಿ ದುಡಿದ ನಾಸಾದ ಕ್ಯಾಸಿನಿ ಬಾಹ್ಯಾಕಾಶ ನೌಕೆಯನ್ನು ಕೊನೆಗೆ ಶನಿ ಗ್ರಹಕ್ಕೇ ಬೀಳಿಸಿ ಸುಟ್ಟರಲ್ಲ, ಅದರ ಪಾಡಿಗೆ ಸುತ್ತಿಕೊಂಡಿರಲು ಬಿಡಬಹುದಿತ್ತು ಅಲ್ವಾ?" ಎಂದು ಕೇಳಿದ್ದೀರಿ. ಬೇಸರ ಅರ್ಥವಾಗುತ್ತದೆ. ನೌಕೆ ಕೆಟ್ಟಿರಲಿಲ್ಲ ಎಂಬ ನಿಮ್ಮ ಮಾತೂ ನಿಜ. ಕ್ಯಾಮೆರಾ ನಡೆಯುತ್ತಿತ್ತು, ಪ್ಲುಟೋನಿಯಂ ಎಂಬ ವಿಕಿರಣ ಧಾತುವಿನ ಶಾಖದಿಂದ ಕರೆಂಟೂ ಬರುತ್ತಿತ್ತು. ಖಾಲಿಯಾಗುತ್ತಾ ಬಂದಿದ್ದು ದಾರಿ ತಿದ್ದುವ ಎಂಜಿನ್‌ಗಳ ಇಂಧನ.

ಇಂಧನ ಮುಗಿದರೆ ದಾರಿ ತಿದ್ದುವುದು ಅಸಾಧ್ಯ. ಶನಿಯ ಟೈಟನ್ ಬುಧ ಗ್ರಹಕ್ಕಿಂತಲೂ ದೊಡ್ಡ ಚಂದ್ರ. ಕ್ಯಾಸಿನಿ 127 ಸಲ ಅದರ ಪಕ್ಕದಲ್ಲಿ ಹಾದುಹೋಗಿ, ಅದರ ಸೆಳೆತದಿಂದಲೇ ಕಕ್ಷೆ ಬದಲಿಸಿಕೊಂಡಿತ್ತು. ಹಿಡಿತ ತಪ್ಪಿದ ಮೇಲೆ ಅದೇ ಸೆಳೆತ ನೌಕೆಯನ್ನು ಯಾವ ಕಡೆಗೆ ತಳ್ಳುತ್ತದೋ ಯಾರು ಬಲ್ಲರು?

ಭಯವಿದ್ದದ್ದು ಮುಖ್ಯವಾಗಿ ಎನ್ಸೆಲಾಡಸ್ ಬಗ್ಗೆ. ಬರೀ 500 ಕಿಲೋಮೀಟರ್ ಅಗಲದ ಹಿಮದ ಚಂದ್ರ ಅದು. ಅದರ ದಕ್ಷಿಣ ಧ್ರುವದ ಬಿರುಕುಗಳಿಂದ ನೀರಾವಿ, ಹಿಮದ ಕಣಗಳು ಚಿಮ್ಮುತ್ತಿರುವುದನ್ನು 2005ರಲ್ಲಿ ಕಂಡುಹಿಡಿದಿದ್ದೇ ಕ್ಯಾಸಿನಿ. 1997ರಲ್ಲಿ ನೌಕೆ ಹೊರಟಾಗ ಇದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಹಾಗಾಗಿ ಬೇರೆ ಕೆಲಸಕ್ಕೆಂದು ಒಯ್ದ ಉಪಕರಣಗಳಿಂದಲೇ ಆ ಚಿಲುಮೆಯ ರುಚಿ ನೋಡಬೇಕಾಯಿತು. 2015ರ ಅಕ್ಟೋಬರ್‌ನಲ್ಲಂತೂ ನೆಲದಿಂದ 49 ಕಿಲೋಮೀಟರ್ ಎತ್ತರದಲ್ಲಿ ಚಿಲುಮೆಯೊಳಗೇ ನುಗ್ಗಿ ಹೋಯಿತು. ಹಿಮದಡಿ ಉಪ್ಪುನೀರಿನ ಸಾಗರ, ಇಂಗಾಲದ ಸಂಯುಕ್ತಗಳು, ಹೈಡ್ರೋಜನ್ ಎಲ್ಲದಕ್ಕೂ ಸಾಕ್ಷಿ ಸಿಕ್ಕಿತು. ಸೂಕ್ಷ್ಮಜೀವಿಗಳಿಗೆ ಇನ್ನೇನು ಬೇಕು ಹೇಳಿ!

ಆದರೆ ಭೂಮಿಯ ಸೂಕ್ಷ್ಮಜೀವಿಗಳು ಕ್ಯಾಸಿನಿಗೇ ಅಂಟಿಕೊಂಡು ಉಳಿದಿದ್ದರೆ? ನೌಕೆ ಅಲ್ಲಿ ಬಿದ್ದು, ಪ್ಲುಟೋನಿಯಂ ಬಿಸಿಗೆ ಹಿಮ ಕರಗಿದ್ದರೆ? ಮುಂದೆ ಅಲ್ಲೊಂದು ಜೀವಿ ಸಿಕ್ಕರೂ ಅದು ಅಲ್ಲಿಯದೋ, ನಾವೇ ಬಿಟ್ಟುಬಂದದ್ದೋ ಎಂಬ ಜಗಳ ಮುಗಿಯುತ್ತಿರಲಿಲ್ಲ.

ದೂರದ ಕಕ್ಷೆಯಲ್ಲಿ ಬಿಡುವುದು, ಯುರೇನಸ್ ಕಡೆಗೆ ಕಳಿಸುವುದು, ಇವನ್ನೂ ಯೋಚಿಸಿದ್ದರು. ನನ್ನ ಮಟ್ಟಿಗೆ ಆರಿಸಿದ ದಾರಿಯೇ ಸರಿ. ಹೇಗೂ ಸುಡುವ ನೌಕೆ ಎಂದಾದ ಮೇಲೆ, ಅಲ್ಲಿಯವರೆಗೆ ಯಾರೂ ಒಪ್ಪದ ಸಾಹಸಕ್ಕೆ ಕೈಹಾಕಿದರು. ಶನಿಗೂ ಉಂಗುರಗಳಿಗೂ ನಡುವಿನ ಇಕ್ಕಟ್ಟಿನಲ್ಲಿ 22 ಸುತ್ತು ಹೊಡೆಸಿದರು. ಧೂಳಿನ ಕಣ ಬಡಿದರೂ ಕೆಡಬಹುದೆಂದು ಮೊದಲ ಸುತ್ತಿನಲ್ಲಿ ದೊಡ್ಡ ಆಂಟೆನಾವನ್ನೇ ಮುಂದೆ ಹಿಡಿದು ಗುರಾಣಿ ಮಾಡಿಕೊಂಡಿದ್ದರು. ಆ ಸುತ್ತುಗಳಿಂದಲೇ ಉಂಗುರಗಳನ್ನು ತೂಗಲು ಸಾಧ್ಯವಾಯಿತು. ಮೈಮಾಸ್ ಎಂಬ ಪುಟ್ಟ ಚಂದ್ರನ ಸುಮಾರು ಶೇ 40ರಷ್ಟು ದ್ರವ್ಯರಾಶಿ, ಅಷ್ಟೇ. ಇಷ್ಟು ಹಗುರ ಉಂಗುರಗಳು ಹಳೆಯವಾಗಿದ್ದರೆ ಧೂಳು ಹಿಡಿದು ಮಂಕಾಗಿರಬೇಕಿತ್ತು; ಹಾಗಾಗಿ ಅವು ಶನಿಗಿಂತ ಬಹಳ ಚಿಕ್ಕ ವಯಸ್ಸಿನವು ಎಂಬ ವಾದಕ್ಕೆ ಇದರಿಂದ ಬಲ ಬಂತು. ವಾದ ಇನ್ನೂ ಮುಗಿದಿಲ್ಲ.

2017ರ ಸೆಪ್ಟೆಂಬರ್ 15ರಂದು ಶನಿಯ ವಾತಾವರಣಕ್ಕೆ ಬೀಳುವಾಗಲೂ ನೌಕೆ ಅಲ್ಲಿನ ಅನಿಲದ ವಿವರವನ್ನು ಭೂಮಿಗೆ ಕಳಿಸುತ್ತಲೇ ಇತ್ತು.

ಎಲ್ಲ ನೌಕೆಗಳ ಗತಿಯೂ ಇದೇನಾ ಎಂದೂ ಕೇಳಿದ್ದೀರಿ. ಗುರು ಗ್ರಹದ ಯೂರೋಪಾ ಚಂದ್ರನನ್ನು ಕಾಪಾಡಲು 2003ರಲ್ಲಿ ಗೆಲಿಲಿಯೋ ನೌಕೆಯನ್ನು ಆ ಗ್ರಹಕ್ಕೇ ಬೀಳಿಸಿದ್ದರು. ಆದರೆ 2023ರಲ್ಲಿ ಹೊರಟ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಜ್ಯೂಸ್ ನೌಕೆ ಕೊನೆಗೆ ಗುರುವಿನ ಇನ್ನೊಂದು ಚಂದ್ರ ಗ್ಯಾನಿಮೀಡ್ ಮೇಲೆಯೇ ಬೀಳಲಿದೆ. ಅಲ್ಲಿಯ ಸಾಗರ ತುಂಬಾ ದಪ್ಪನೆಯ ಹಿಮದ ಕೆಳಗಿದೆ, ಅಷ್ಟು ಆಳಕ್ಕೆ ನಮ್ಮ ಕೊಳೆ ಇಳಿಯಲಾರದು ಎಂಬ ಲೆಕ್ಕ ಅವರದು.