ಮುರುಗಲ ತುಪ್ಪಕ್ಕೆ ಲೋಳೆಸರ ಬೆರೆಸಿ ಡಬ್ಬಿಯಲ್ಲಿಡಬೇಡಿ

ಕೂದಲಿಗೆ ಹಚ್ಚುವ ಕ್ರೀಮು, ಎಣ್ಣೆಗಳನ್ನು ತಯಾರಿಸುವುದು ನನ್ನ ಕೆಲಸ. ಹಾಗಾಗಿ ಮನೆಯಲ್ಲೇ ಹೇರ್ ಬಟರ್ (ಬೀಜದ ಗಟ್ಟಿ ಕೊಬ್ಬಿನಿಂದ ಮಾಡಿ ಕೂದಲಿಗೆ ಹಚ್ಚುವಂಥದ್ದು) ಮಾಡುವವರ ಪ್ರಶ್ನೆಗಳು ನನಗೆ ಬರುತ್ತಲೇ ಇರುತ್ತವೆ. ಶಿಯಾ, ಕೋಕೋ, ಮಾವಿನ ಗೊರಟು, ಮುರುಗಲು (ಕೋಕಂ, ಇದರ ಬೀಜದ ಕೊಬ್ಬೇ ಮುರುಗಲ ತುಪ್ಪ) ಅಂತ ಬಟರ್ ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಕರಗಿಸುವುದು ಹೇಗೆ, ಯಾವ ಪಾತ್ರೆ ಬೇಕು ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅಡುಗೆಮನೆಯಲ್ಲಿ ಕೈ ಪಳಗಿದವರಿಗೆ ಅದು ಗೊತ್ತಿರುತ್ತದೆ. ಒಂದು ಪ್ರಶ್ನೆಗೆ ಮಾತ್ರ ಪೂರ್ತಿ ಉತ್ತರ ಕೊಡುತ್ತೇನೆ. ಎಷ್ಟು ಸಲ ಹೇಳಿದರೂ ಜನ ಅದೇ ತಪ್ಪು ಮಾಡುತ್ತಿದ್ದಾರೆ, ಅದರಿಂದ ತೊಂದರೆಯೂ ಆಗುತ್ತದೆ.

ಪ್ರಶ್ನೆ: ಊರಿಂದ ತಂದ ಮುರುಗಲ ತುಪ್ಪ ಕರಗಿಸಿ, ಲೋಳೆಸರದ ತಿರುಳು ಮತ್ತು ದಾಸವಾಳದ ಎಲೆ ರುಬ್ಬಿದ ರಸ ಹಾಕಿ, ಬೀಟರಿನಲ್ಲಿ ಕಡೆದು ಕ್ರೀಮ್ ಮಾಡಿದ್ದೇನೆ. ಕೆಡಬಾರದು ಅಂತ ನಾಲ್ಕು ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿದ್ದೇನೆ. ಮೂರು ವಾರಕ್ಕೆ ಸ್ವಲ್ಪ ಹುಳಿ ವಾಸನೆ ಬರುತ್ತಿದೆ. ಬೂಸ್ಟು ಏನೂ ಕಾಣುತ್ತಿಲ್ಲ. ಬಳಸಬಹುದಾ?

ಬೇಡ. ಇವತ್ತೇ ಎಸೆಯಿರಿ. ಮೇಲಿನ ಪದರ ತೆಗೆದು ಕೆಳಗಿನದನ್ನು ಉಳಿಸಿಕೊಳ್ಳುವ ಯೋಚನೆಯೂ ಬೇಡ.

ಬೆಣ್ಣೆ ಹೊರಗಿಟ್ಟರೆ ನಾಲ್ಕು ದಿನಕ್ಕೆ ಹುಳಿಯಾಗುತ್ತದೆ. ಅದನ್ನೇ ಕಾಯಿಸಿ ತುಪ್ಪ ಮಾಡಿದರೆ ತಿಂಗಳುಗಟ್ಟಲೆ ಇರುತ್ತದೆ. ಕಾಯಿಸಿದಾಗ ನೀರು ಹೋಯಿತು, ಅದೇ ಮುಖ್ಯ ಕಾರಣ. ಗಿಡಗಳ ಬಟರ್‌ಗಳೆಲ್ಲ ಬರೀ ಕೊಬ್ಬು. ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಆಗಲಿ ಬೂಸ್ಟಾಗಲಿ ಬೆಳೆಯುವುದಿಲ್ಲ. ಲೋಳೆಸರದ ತಿರುಳಿನಲ್ಲಿ ಶೇ 98ಕ್ಕಿಂತ ಜಾಸ್ತಿ ಇರುವುದೇ ನೀರು. ಉಳಿದದ್ದರಲ್ಲಿ ಸಕ್ಕರೆಯ ಅಂಶವೂ ಇದೆ, ಸೂಕ್ಷ್ಮಜೀವಿಗಳಿಗೆ ಅದೇ ಊಟ. ದಾಸವಾಳದ ರಸದ ಕಥೆಯೂ ಅದೇ. ಬೀಟರಿನಲ್ಲಿ ಕಡೆದಾಗ ಎಲ್ಲ ಬೆರೆತು ನುಣ್ಣಗೆ ಕಾಣುತ್ತದೆ, ಆದರೆ ನೀರು ಎಲ್ಲೂ ಹೋಗಿಲ್ಲ. ಸಣ್ಣ ಸಣ್ಣ ಹನಿಗಳಾಗಿ ಕೊಬ್ಬಿನ ನಡುವೆ ಕೂತಿದೆ. ಚಮಚದ ಹಿಂಬದಿಯಿಂದ ಒತ್ತಿ ನೋಡಿ, ಅಂಚಿನಲ್ಲಿ ಹನಿ ಒಸರುತ್ತದೆ.

ವಿಟಮಿನ್ ಇ ಬಗ್ಗೆ ನನಗೆ ನಿಜವಾಗಿ ಬೇಸರವಿದೆ, ಏಕೆಂದರೆ ಈ ಸುಳ್ಳನ್ನು ಹಬ್ಬಿಸುತ್ತಿರುವವರು ತಮ್ಮನ್ನು ತಜ್ಞರು ಅಂತ ಕರೆದುಕೊಳ್ಳುತ್ತಾರೆ. ಎಣ್ಣೆ ಗಾಳಿಗೆ ಸೋಕಿ ಕಮಟು ವಾಸನೆ ಬರುವುದನ್ನು ವಿಟಮಿನ್ ಇ ನಿಧಾನ ಮಾಡುತ್ತದೆ. ಬ್ಯಾಕ್ಟೀರಿಯಾವನ್ನು ಅದು ಏನೂ ಮಾಡುವುದಿಲ್ಲ. ಕಮಟಾಗುವುದೇ ಬೇರೆ, ಕೊಳೆಯುವುದೇ ಬೇರೆ. ನಿಂಬೆರಸ, ಬೇವಿನೆಲೆ, ಕರ್ಪೂರ, ನಾಲ್ಕು ಹನಿ ಟೀ ಟ್ರೀ ಎಣ್ಣೆ, ಇವು ಯಾವುವೂ ನೀರಿರುವ ಕ್ರೀಮನ್ನು ಕಾಪಾಡುವುದಿಲ್ಲ. ಫ್ರಿಜ್‌ನಲ್ಲಿಟ್ಟರೆ ಕೆಡುವುದು ತಡವಾಗುತ್ತದೆ, ನಿಲ್ಲುವುದಿಲ್ಲ. ಫ್ರಿಜ್‌ನಲ್ಲಿಟ್ಟ ಚಟ್ನಿಗೂ ಬೂಸ್ಟು ಬರುತ್ತದೆ ಅಲ್ವಾ?

ಬೂಸ್ಟು ಕಾಣುತ್ತಿಲ್ಲ ಅಂತ ಬರೆದಿದ್ದೀರಿ. ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವುದಿಲ್ಲ. ವಾಸನೆ ಬಂದಿದೆ ಅಂದರೆ ಅವು ಆಗಲೇ ಬೇಕಾದಷ್ಟು ಬೆಳೆದಿವೆ. ಅದನ್ನು ನೆತ್ತಿಗೆ ಉಜ್ಜುತ್ತೀರಿ. ಬಾಚಣಿಗೆ ಗೀರಿದ ಗಾಯ ಅಲ್ಲಿರಬಹುದು, ಹೊಟ್ಟು ಕೆರೆದ ಗಾಯ ಇರಬಹುದು. ಕೂದಲ ಬುಡದಲ್ಲಿ ಕೀವು ತುಂಬಿದ ಗುಳ್ಳೆ ಏಳುವುದು ಹೀಗೆ. ಬೆವರಿನ ಜೊತೆ ಹಣೆಗಿಳಿದು ಕಣ್ಣಿಗೆ ಹೋದರೆ ಇನ್ನೂ ಕೆಟ್ಟದ್ದು. ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಇಂಥ ನೀರಿನಂಶದ ಕ್ರೀಮುಗಳಲ್ಲಿ ಸುಲಭವಾಗಿ ಬೆಳೆಯುತ್ತದೆ. ಅದು ಕಣ್ಣಿಗೆ ಸೋಂಕು ತಂದರೆ ದೃಷ್ಟಿಗೇ ಕುತ್ತು.

ಕಾರ್ಖಾನೆಯ ಕ್ರೀಮ್ ಹೇಗೆ ಉಳಿಯುತ್ತದೆ ಅಂತ ಕೇಳಬಹುದು. ಅದಕ್ಕೆ ಸಂರಕ್ಷಕ ಹಾಕಿರುತ್ತಾರೆ. ಉದಾಹರಣೆಗೆ ಫೀನಾಕ್ಸಿಎಥನಾಲ್. ಯುರೋಪಿನ ನಿಯಮದಲ್ಲಿ ಅದಕ್ಕೆ ಶೇ 1ರ ಮಿತಿ ಇದೆ. 100 ಗ್ರಾಂ ಕ್ರೀಮಿಗೆ 1 ಗ್ರಾಂ ಮೀರಬಾರದು. ಅದನ್ನು ತೂಗುವ ಸಣ್ಣ ತಕ್ಕಡಿ ನಿಮ್ಮಲ್ಲಿದೆಯಾ? ಇಲ್ಲದಿದ್ದರೆ ನೀರಿರುವ ಕ್ರೀಮ್ ಮಾಡಿ ಇಡುವ ಕೆಲಸಕ್ಕೇ ಹೋಗಬೇಡಿ. ಇನ್ನು, ಲೋಳೆಸರ ಹಾಕಿದ್ದೇವೆ, ಕೆಮಿಕಲ್ ಇಲ್ಲ, ಒಂದು ವರ್ಷ ಕೆಡಲ್ಲ ಅಂತ ಡಬ್ಬಿ ಮಾರುವವರು ಇದ್ದಾರೆ. ಈ ಮೂರರಲ್ಲಿ ಒಂದಂತೂ ಸುಳ್ಳು. ಅವರಿಗೆ ದುಡ್ಡು ಕೊಡಬೇಡಿ.

ಊರಿಂದ ತಂದ ತುಪ್ಪ ಅಂದಿರಲ್ಲ, ಅದರ ಬಗ್ಗೆಯೂ ಒಂದು ಮಾತು. ಉತ್ತರ ಕನ್ನಡದ ಮನೆಗಳಲ್ಲಿ ಮುರುಗಲ ಬೀಜ ಒಣಗಿಸಿ, ಸಿಪ್ಪೆ ತೆಗೆದು, ಕುಟ್ಟಿ, ನೀರಿನಲ್ಲಿ ಕುದಿಸುತ್ತಾರೆ. ಮೇಲೆ ತೇಲುವ ಕೊಬ್ಬನ್ನು ಸೌಟಿನಲ್ಲಿ ತೆಗೆದು, ಆರಿದ ಮೇಲೆ ಉಂಡೆ ಕಟ್ಟಿಡುತ್ತಾರೆ. ದಕ್ಷಿಣ ಕನ್ನಡದವರು ಪುನರ್ಪುಳಿ ಅನ್ನುವುದೂ ಇದೇ ಮರಕ್ಕೆ. ತುಪ್ಪ ಒಳ್ಳೆಯದೇ, ಅನುಮಾನವಿಲ್ಲ. ಆದರೆ ನೀರಿನಲ್ಲಿ ಕುದಿಸಿ ತೆಗೆದದ್ದರಿಂದ ಉಂಡೆಯೊಳಗೆ ನೀರು ಉಳಿದಿರಬಹುದು. ಸಣ್ಣ ಉರಿಯಲ್ಲಿ ಕರಗಿಸಿ ಕಿವಿಗೊಟ್ಟು ಕೇಳಿ. ಚಟಚಟ ಸದ್ದು ಬಂದರೆ ನೀರಿದೆ. ಸದ್ದು ಪೂರ್ತಿ ನಿಲ್ಲುವವರೆಗೆ ಕಾಯಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಒಣಗಿದ ಡಬ್ಬಿಗೆ ಹಾಕಿ. ತಳದಲ್ಲಿ ಕಂದು ಮಡ್ಡಿ ನಿಂತರೆ ಅದನ್ನು ಬಿಟ್ಟುಬಿಡಿ. ಬೀಜ ಒಣಗುವ ಮೊದಲೇ ಮಳೆ ಹಿಡಿದ ವರ್ಷ ತುಪ್ಪಕ್ಕೆ ಮುಗ್ಗಲು ವಾಸನೆ ಇರುತ್ತದೆ. ಅದನ್ನು ತಲೆಗೆ ಬಳಸಬೇಡಿ.

ಇನ್ನು ಮಾಡುವ ರೀತಿ. ಮುರುಗಲ ತುಪ್ಪ ಒಂದನ್ನೇ ಹಚ್ಚಲಾಗದು, ಅಷ್ಟು ಗಟ್ಟಿ. ಅದು ಕರಗುವುದು ಸುಮಾರು 40 ಡಿಗ್ರಿ ಸೆಲ್ಸಿಯಸ್ ಹತ್ತಿರ. ಕೊಬ್ಬರಿ ಎಣ್ಣೆ 24ಕ್ಕೇ ಕರಗುತ್ತದೆ. ತೂಕದಲ್ಲಿ ಒಂದು ಪಾಲು ತುಪ್ಪಕ್ಕೆ ನಾಲ್ಕು ಪಾಲು ಕೊಬ್ಬರಿ ಎಣ್ಣೆ ಹಾಕಿ ಕರಗಿಸಿ, ಆರಿಸಿ. ಬೆಂಗಳೂರಿನ ಹವೆಗೆ ಇದು ಸಾಕು. ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆಯಲ್ಲಿ ತುಪ್ಪದ ಪಾಲು ಜಾಸ್ತಿ ಮಾಡಿಕೊಳ್ಳಿ. ಕೊಬ್ಬರಿ ಎಣ್ಣೆಯನ್ನೇ ಹೇಳುವುದಕ್ಕೆ ಕಾರಣವಿದೆ. ಅದರಲ್ಲಿರುವ ಲಾರಿಕ್ ಆಮ್ಲ ಅನ್ನುವ ಕೊಬ್ಬಿನಾಮ್ಲದ ಅಣು ಚಿಕ್ಕದು, ಕೂದಲೆಳೆಯ ಒಳಗೆ ಇಳಿಯುತ್ತದೆ. ತೊಳೆಯುವಾಗ ಪ್ರೊಟೀನ್ ಹೋಗುವುದನ್ನು ಅದು ತಗ್ಗಿಸುತ್ತದೆ, ಸೂರ್ಯಕಾಂತಿ ಎಣ್ಣೆಯಿಂದ ಆ ಕೆಲಸ ಆಗುವುದಿಲ್ಲ ಅಂತ 2003ರಲ್ಲೇ ಪ್ರಕಟವಾದ ಅಧ್ಯಯನವಿದೆ. ಮುರುಗಲ ತುಪ್ಪದ ಕೊಬ್ಬಿನಾಮ್ಲಗಳು ದೊಡ್ಡವು. ಅವು ಹೊರಗೇ ನಿಂತು ಕೂದಲ ಮೇಲೆ ತೆಳುವಾದ ಪದರ ಕಟ್ಟುತ್ತವೆ. ಒರಟು ತುದಿ ನಯವಾಗುವುದು ಅದರಿಂದ.

ಹಚ್ಚಬೇಕಾದ್ದು ಕಡಲೆಕಾಳಿನಷ್ಟು. ಅಂಗೈಯಲ್ಲಿ ತಿಕ್ಕಿ ಪೂರ್ತಿ ಕರಗಿದ ಮೇಲೆ, ತಲೆಸ್ನಾನವಾಗಿ ಇನ್ನೂ ಸ್ವಲ್ಪ ತೇವವಿರುವ ಕೂದಲಿನ ಕೆಳಗಿನ ಅರ್ಧಕ್ಕೆ ಮಾತ್ರ ಸವರಿ. ಬುಡಕ್ಕೆ ಬೇಡ. ಜಿಡ್ಡಾಯಿತು, ಶಾಂಪೂವಿಗೂ ಹೋಗುತ್ತಿಲ್ಲ ಅನ್ನುವವರು ಹೆಚ್ಚಿನ ಪಾಲು ಇದರ ಹತ್ತು ಪಟ್ಟು ಹಚ್ಚಿರುತ್ತಾರೆ.

ಲೋಳೆಸರ ಬೇಕೇ ಬೇಕಾ? ಆಗಲಿ. ಎಲೆ ಕುಯ್ದು ಸ್ವಲ್ಪ ಹೊತ್ತು ನಿಲ್ಲಿಸಿಡಿ, ಹಳದಿ ರಸ ಇಳಿದುಹೋಗಲಿ, ಕಡಿತ ತರುವುದು ಅದೇ. ತಿರುಳನ್ನು ಆಗಲೇ ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಬಟರ್ ಆಮೇಲೆ ಹಚ್ಚಿ. ಎರಡೂ ತಲೆಯ ಮೇಲೆ ಸೇರಲಿ, ಡಬ್ಬಿಯಲ್ಲಿ ಬೇಡ. ಗರುಗದ ಸೊಪ್ಪು, ದಾಸವಾಳ ಎಣ್ಣೆಗೆ ಹಾಕುವುದಾದರೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಒಣಗಿರಬೇಕು. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಒಣಗಿದ ಸೊಪ್ಪನ್ನು ನಾನಂತೂ ನಂಬುವುದಿಲ್ಲ. ಡಬ್ಬಿಯನ್ನು ಬಚ್ಚಲಲ್ಲಿ ಇಡಬೇಡಿ, ಒದ್ದೆ ಬೆರಳು ಅದ್ದಬೇಡಿ.

ಪ್ರಶ್ನೆ: ಶಿಯಾ ಬಟರ್ ಹಚ್ಚಿದರೆ ಉದುರಿದ ಕೂದಲು ಮತ್ತೆ ಬರುತ್ತದಾ?

ಇಲ್ಲ. ಯಾವ ಬಟರ್‌ನಿಂದಲೂ ಬರುವುದಿಲ್ಲ. ಥೈರಾಯ್ಡ್, ಕಬ್ಬಿಣದ ಅಂಶ ಪರೀಕ್ಷೆ ಮಾಡಿಸಿ, ಚರ್ಮದ ಡಾಕ್ಟರಿಗೆ ತೋರಿಸಿ. ಉದ್ದ ಜಡೆ ತೋರಿಸಿ ಬಾಟಲಿ ಮಾರುವವರ ವಿಡಿಯೊ ನೋಡುತ್ತ ತಿಂಗಳು ಕಳೆಯಬೇಡಿ. ಕೆಲವು ಬಗೆಯ ಉದುರುವಿಕೆಗೆ ಬೇಗ ಚಿಕಿತ್ಸೆ ಶುರುಮಾಡಿದರೆ ಮಾತ್ರ ಪ್ರಯೋಜನ.

ಪ್ರಶ್ನೆ: ತಲೆಯಲ್ಲಿ ಹೊಟ್ಟು. ನೆತ್ತಿ ಒಣಗಿದೆ ಅಂತ ಕೋಕೋ ಬಟರ್ ಹಚ್ಚುತ್ತಿದ್ದೇನೆ. ಜಾಸ್ತಿಯಾಗುತ್ತಿದೆ. ಯಾಕೆ?

ನೀವು ಅದಕ್ಕೆ ಊಟ ಹಾಕುತ್ತಿದ್ದೀರಿ. ಹೊಟ್ಟಿನ ಹಿಂದೆ ಮಲಸೇಜಿಯಾ ಅನ್ನುವ ಶಿಲೀಂಧ್ರ ಇರುತ್ತದೆ, ಅದು ಬದುಕುವುದೇ ಕೊಬ್ಬು ತಿಂದು. ಕೊಬ್ಬು ಒಡೆದಾಗ ಬರುವ ಓಲಿಕ್ ಆಮ್ಲ ಹೊಟ್ಟಿನ ನೆತ್ತಿಯನ್ನು ಇನ್ನಷ್ಟು ಕೆರಳಿಸುತ್ತದೆ. ಬಟರ್ ನಿಲ್ಲಿಸಿ. ಡಾಕ್ಟರನ್ನು ಕೇಳಿ ಕೀಟೋಕೊನಜೋಲ್ ಶಾಂಪೂ ಬಳಸಿ.

ಪ್ರಶ್ನೆ: ಶಿಯಾ ಬಟರ್ ರವೆ ರವೆಯಾಗಿದೆ. ಕಲಬೆರಕೆಯಾ?

ಅದರಿಂದಲೇ ಕಲಬೆರಕೆ ಅನ್ನಲಾಗದು. ನಿಧಾನವಾಗಿ ಆರಿದರೆ ಹಾಗಾಗುತ್ತದೆ. ಪೂರ್ತಿ ಕರಗಿಸಿ, ತಕ್ಷಣ ಫ್ರಿಜ್‌ನಲ್ಲಿಡಿ.

ಪ್ರಶ್ನೆ: ಮುರುಗಲಿಗಿಂತ ಶಿಯಾ ಉತ್ತಮವಾ?

ಶಿಯಾ ಪಶ್ಚಿಮ ಆಫ್ರಿಕಾದ ಮರ. ಘಾನಾ, ಬುರ್ಕಿನಾ ಫಾಸೊ ಹೆಂಗಸರು ಕಾಯಿ ಆಯ್ದು ತೆಗೆಯುವ ಬಟರ್ ಅದು. ಅಲ್ಲಿನವರ ದಟ್ಟ ಗುಂಗುರು ಕೂದಲಿಗೆ ಚೆನ್ನಾಗಿ ಒಪ್ಪುತ್ತದೆ. ನಿಮ್ಮದು ನೇರವಾದ ತೆಳು ಕೂದಲಾದರೆ ಜೋತುಬಿದ್ದ ಹಾಗೆ ಕಾಣುತ್ತದೆ. ಗುಂಗುರಿದ್ದರೆ ಧಾರಾಳವಾಗಿ ಬಳಸಿ. ಕರಾವಳಿಯವರು ಮನೆ ಹಿಂದಿನ ಮರ ಬಿಟ್ಟು ದುಬಾರಿ ಶಿಯಾ ತರಿಸುವ ಅಗತ್ಯ ನನಗಂತೂ ಕಾಣುವುದಿಲ್ಲ.

ಪ್ರಶ್ನೆ: ಬಟರ್ ಹಚ್ಚಿ ಸ್ಟ್ರೇಟ್ನರ್ ಹಾಕಬಹುದಾ?

ಬೇಡ. ಕೂದಲು ಸುಡುತ್ತದೆ.

ಪ್ರಶ್ನೆ: ಅರ್ಧ ಕೆಜಿ ಮುರುಗಲ ತುಪ್ಪ ಉಳಿದಿದೆ, ತಲೆಗೆ ಇಷ್ಟೊಂದು ಬೇಕಾಗಿಲ್ಲ. ಏನು ಮಾಡಲಿ?

ರಾತ್ರಿ ಕಾಲು ತೊಳೆದು ಒರೆಸಿ, ಒಡೆದ ಹಿಮ್ಮಡಿಗೆ ಹಚ್ಚಿ, ಕಾಲುಚೀಲ ಹಾಕಿ ಮಲಗಿ. ಉಳಿದದ್ದನ್ನು ಬೆಳಕು ಬೀಳದ ಕಡೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಕಮಟು ವಾಸನೆ ಬಂದ ದಿನ ಬಿಸಾಡಿ.