ಬೀದರ್ ಕೋಟೆಯ ಕಲ್ಲಿಗೆ ಒಣ ಕುಂಚ

ಪ್ರಶ್ನೆ: ಸರ್, ಬೀದರ್ ಕೋಟೆಯ ಗೋಡೆಯನ್ನು ಜಲವರ್ಣದಲ್ಲಿ ಇದ್ದ ಹಾಗೇ ಬಿಡಿಸಬೇಕು ಅಂತ ಆಸೆ. ಎಷ್ಟು ಬಿಡಿಸಿದರೂ ಕಲ್ಲು ಕಲ್ಲಿನಂತೆ ಕಾಣುತ್ತಿಲ್ಲ. ಅಮೆರಿಕದ ಚಿತ್ರಕಾರ ಆಂಡ್ರ್ಯೂ ವಯೆತ್ ಒಣ ಕುಂಚದಲ್ಲಿ ಕೆಲಸ ಮಾಡುತ್ತಿದ್ದರಂತೆ, ಅದು ಹೇಗೆ? ಜಲವರ್ಣ ನಂಬಿಕೊಂಡು ಬದುಕೋಕೆ ಆಗುತ್ತಾ?
– ಚಿತ್ರಕಲಾ ವಿದ್ಯಾರ್ಥಿನಿ, ಬೀದರ್

ಉತ್ತರ: ನಿಮ್ಮ ಕೋಟೆಗೆ ಒಣ ಕುಂಚದಷ್ಟು ಒಪ್ಪುವ ವಿಧಾನ ಇನ್ನೊಂದಿಲ್ಲ. ಅದು ಜಂಬಿಟ್ಟಿಗೆ ಕಲ್ಲು ಅಲ್ವಾ, ಮೈತುಂಬ ತೂತು. ನೀರುನೀರಾದ ಬಣ್ಣವನ್ನು ಒಂದೇ ಸಮ ಬಳಿದರೆ ಆ ಒರಟುತನವೆಲ್ಲ ಮುಚ್ಚಿಹೋಗುತ್ತದೆ. ವಯೆತ್ ಕುಂಚವನ್ನು ಬಣ್ಣದಲ್ಲಿ ಅದ್ದಿ, ಬೆರಳಲ್ಲಿ ಹಿಂಡಿ ನೀರು ತೆಗೆದು, ಕೂದಲು ಅಗಲಿಸಿಕೊಂಡು ಸಣ್ಣ ಸಣ್ಣ ಗೆರೆ ಎಳೆಯುತ್ತಿದ್ದರು. ಹಾಗಂತ ಚಿತ್ರ ಪೂರ್ತಿ ಒಣ ಕುಂಚವಲ್ಲ. ಅಡಿಯಲ್ಲಿ ತೆಳುವಾದ ಅಗಲ ವಾಶ್, ಅಂದರೆ ನೀರು ಬೆರೆಸಿದ ಬಣ್ಣದ ಲೇಪ, ಇರುತ್ತಿತ್ತು, ಅದರ ಮೇಲೆ ಪದರ ಪದರವಾಗಿ ಈ ಗೆರೆಗಳು.

ನೀವು 300 ಜಿಎಸ್ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಒರಟು ಹತ್ತಿ ಕಾಗದ ತಗೊಳ್ಳಿ. ನುಣುಪು ಕಾಗದದಲ್ಲಿ ಈ ಕೆಲಸ ಅಷ್ಟು ಚೆನ್ನಾಗಿ ಬರುವುದಿಲ್ಲ. ಮೊದಲು ಯೆಲ್ಲೋ ಓಕರ್‌ನ (ಮಣ್ಣು ಹಳದಿ) ತೆಳು ವಾಶ್ ಹಾಕಿ, ಬಿಸಿಲು ಬಿದ್ದ ಕಡೆ ಕಾಗದ ಹಾಗೇ ಬಿಡಿ. ಪೂರ್ತಿ ಒಣಗಿದ ಮೇಲೆ ಬರ್ನ್ಟ್ ಸಿಯೆನ್ನಾದಲ್ಲಿ (ಕೆಂಪು ಕಂದು) ಕುಂಚ ಮಲಗಿಸಿ ಎಳೆಯಿರಿ. ಬಣ್ಣ ಕಾಗದದ ಉಬ್ಬುಗಳಿಗೆ ಮಾತ್ರ ಹತ್ತಿ, ಕಲ್ಲಿನ ಒರಟು ತಾನೇ ಬರುತ್ತದೆ. ಕಪ್ಪು ತೂತುಗಳಿಗೆ ಅದೇ ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಸೇರಿಸಿ, ಸಣ್ಣ ಕುಂಚದಲ್ಲಿ ಅಲ್ಲೊಂದು ಇಲ್ಲೊಂದು ಇಡಿ. ಎಲ್ಲ ತೂತೂ ಎಣಿಸಿ ಹಾಕಬೇಡಿ, ಗೋಡೆ ಸತ್ತುಹೋಗುತ್ತದೆ. ಆಕಾಶದ ವಾಶ್ ಮಾತ್ರ ಬೆಳಗ್ಗೆಯೇ ಮುಗಿಸಿ. ನಮ್ಮ ಕಡೆ ಬೇಸಿಗೆಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಒಣಗಿ ಗೆರೆ ಕಟ್ಟುತ್ತದೆ.

ಬದುಕಿನ ಮಾತು. ವಯೆತ್‌ಗೆ 20 ವರ್ಷ ಇದ್ದಾಗ, 1937ರಲ್ಲಿ, ನ್ಯೂಯಾರ್ಕ್‌ನ ಮೊದಲ ಪ್ರದರ್ಶನದಲ್ಲೇ ಜಲವರ್ಣಗಳೆಲ್ಲ ಮಾರಾಟವಾದವು. ಅದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಅಮೆರಿಕದ ಇನ್ನೊಬ್ಬ ಚಿತ್ರಕಾರ ವಿನ್ಸ್ಲೋ ಹೋಮರ್ ಪತ್ರಿಕೆಗಳಿಗೆ ಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದವರು, ಜಲವರ್ಣವನ್ನು ಗಂಭೀರವಾಗಿ ಹಿಡಿದಿದ್ದು 1873ರಲ್ಲಿ, 37ನೇ ವಯಸ್ಸಿಗೆ. ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರ ಮಾಡಿದರು. ಅಂಥ ಕೆಲಸ ಕೀಳು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಡ್ರಾಯಿಂಗ್ ಟೀಚರ್ ಕೆಲಸ ಸಿಕ್ಕರೆ ಖಂಡಿತ ಹಿಡಿಯಿರಿ, ಆದರೆ ಕೋಟೆ ಬಿಡಬೇಡಿ. ವಯೆತ್ ತಮ್ಮೂರು ಚಾಡ್ಸ್ ಫೋರ್ಡ್ ಮತ್ತು ಬೇಸಿಗೆ ಕಳೆಯುತ್ತಿದ್ದ ಮೈನ್ ಕರಾವಳಿ, ಈ ಎರಡೇ ಜಾಗಗಳನ್ನು ಹೆಚ್ಚುಕಡಿಮೆ ಜೀವಮಾನವಿಡೀ ಬಿಡಿಸಿದರು.

ಪ್ರಶ್ನೆ: ಜಲವರ್ಣ ಚಿತ್ರದಲ್ಲಿ ಬೆಳಕು ಮಿಂಚುವ ಬಿಳಿ ಜಾಗಕ್ಕೆ ಬಿಳಿ ಪೋಸ್ಟರ್ ಕಲರ್ ಹಚ್ಚಬಹುದಾ?
– ಓದುಗರು, ಯಾದಗಿರಿ

ಉತ್ತರ: ಹಚ್ಚಬಹುದು, ಆದರೆ ಕಾಗದದ ಬಿಳಿಯ ಹೊಳಪು ಅದಕ್ಕಿಲ್ಲ. ಮೊದಲೇ ಆ ಜಾಗ ಬಿಟ್ಟುಕೊಳ್ಳಿ. ಮರೆತರೆ ಹೋಮರ್ ಮಾಡುತ್ತಿದ್ದಂತೆ, ಚೆನ್ನಾಗಿ ಒಣಗಿದ ಮೇಲೆ ಚಾಕುವಿನ ತುದಿಯಿಂದ ಮೆಲ್ಲಗೆ ಕೆರೆದು ಬಿಳಿ ತೆಗೆಯಿರಿ. ಕಾಗದ ದಪ್ಪ ಇರಬೇಕು ಅಷ್ಟೇ.