ಲಿನಕ್ಸ್‌ಗೆ ಹೊಸಬರು ಮೊದಲು ಏನೇನು ತಿಳಿದಿರಬೇಕು?

ಯಾವ ಡಿಸ್ಟ್ರೋ (ಲಿನಕ್ಸ್‌ನ ಬೇರೆ ಬೇರೆ ರೂಪಗಳಿಗೆ ಹೀಗನ್ನುತ್ತಾರೆ) ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಉಬುಂಟು ಅಥವಾ ಮಿಂಟ್ ಸಾಕು. ಇನ್‌ಸ್ಟಾಲ್ ಮಾಡುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಓಡಿಸಿ, ವೈಫೈ, ಸೌಂಡ್ ಸರಿಯಾಗಿವೆಯಾ ನೋಡಿಕೊಳ್ಳಿ.

ಹೊಸಬರು ಗಾಬರಿಯಾಗುವುದು ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿಯಲ್ಲಿ. ಸುಡೊ (sudo, ಅಡ್ಮಿನ್ ಅಧಿಕಾರದಲ್ಲಿ ಕೆಲಸ ಮಾಡಿಸುವ) ಕಮಾಂಡ್ ಕೊಟ್ಟರೆ ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡಿದರೆ ಪರದೆ ಮೇಲೆ ಒಂದು ಚುಕ್ಕಿಯೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿಲ್ಲ, ಹಲವು ಡಿಸ್ಟ್ರೋಗಳಲ್ಲಿ ಅದು ಇರುವುದೇ ಹಾಗೆ. ಸುಮ್ನೆ ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ. (ನಾನು ಮೊದಲ ದಿನ ಕೀಬೋರ್ಡ್ ಬದಲಿಸಿ ನೋಡಿದ್ದೆ!)

ಟರ್ಮಿನಲ್‌ನಲ್ಲಿ ಕಾಪಿ ಮಾಡಲು ಕಂಟ್ರೋಲ್-ಸಿ ಒತ್ತಿದರೆ ಓಡುತ್ತಿರುವ ಪ್ರೋಗ್ರಾಂ ನಿಂತುಹೋಗುತ್ತದೆ. ಜೊತೆಗೆ ಶಿಫ್ಟ್ ಕೂಡ ಒತ್ತಬೇಕು. ಫೈಲ್ ಹೆಸರು ಉದ್ದ ಇದ್ದರೆ ಮೊದಲ ಎರಡು ಮೂರು ಅಕ್ಷರ ಹೊಡೆದು ಟ್ಯಾಬ್ ಒತ್ತಿ, ಉಳಿದದ್ದನ್ನು ಅದೇ ತುಂಬುತ್ತದೆ. ತುಂಬಲಿಲ್ಲವಾ? ಹಾಗೇ ಶುರುವಾಗುವ ಹೆಸರು ಬೇರೆಯೂ ಇರಬಹುದು. ಎರಡು ಸಲ ಒತ್ತಿದರೆ ಪಟ್ಟಿ ಬರುತ್ತದೆ. ಇಂಗ್ಲಿಷ್‌ನ ದೊಡ್ಡಕ್ಷರ, ಸಣ್ಣಕ್ಷರ ಇಲ್ಲಿ ಬೇರೆ ಬೇರೆ, ಅದು ನೆನಪಿರಲಿ.

ಆ್ಯಪ್ ಬೇಕಾದರೆ ಕಂಡ ಕಂಡ ಸೈಟ್‌ನಿಂದ ಡೌನ್‌ಲೋಡ್ ಮಾಡುವ ಹಳೇ ಅಭ್ಯಾಸ ಬಿಡಿ. ಸಿಸ್ಟಮ್‌ನ ಸಾಫ್ಟ್‌ವೇರ್ ಮಳಿಗೆಯಲ್ಲೇ ಮೊದಲು ಹುಡುಕಿ. ಅಲ್ಲಿಂದ ಹಾಕಿಕೊಂಡರೆ ಅಪ್‌ಡೇಟ್‌ಗಳೂ ಒಟ್ಟಿಗೇ ಬರುತ್ತವೆ.